ಹೊಸ ಕೌನ್ಸೆಲರ್ ಬಾಗಿಲಲ್ಲಿ ಕಾಲು ತಡೆಯೋದು ಯಾಕೆ? ಒಂದಿಷ್ಟು ಚರಿತ್ರೆ



ಬರೋ ಸೋಮವಾರ ಸಂಜೆ ನಾಲ್ಕು ಗಂಟೆಗೆ ನಾನು ಒಬ್ಬ ಹೊಸ ಕೌನ್ಸೆಲರ್ ಹತ್ರ ಹೋಗ್ತಿದ್ದೀನಿ. ಒಂದು ಫಾರಂ ಕಳಿಸಿದ್ದಾರೆ. ಪೂರ್ತಿ ಹೆಸರು, ಹುಟ್ಟಿದ ಊರು, ತಂದೆಯ ಉದ್ಯೋಗ, "ನೀವು ಬರುತ್ತಿರುವ ಕಾರಣ ಎರಡು ಸಾಲಿನಲ್ಲಿ". ಮೂರು ದಿನದಿಂದ ಆ ಫಾರಂ ಮೊಬೈಲ್‌ನಲ್ಲಿ ಹಾಗೇ ಇದೆ. ಡಿಸಿ ಆಫೀಸ್ ಮುಂದೆ ಮೈಕ್ ಹಿಡಿದು ಒಂದು ಗಂಟೆ ಮಾತಾಡೋ ನನಗೆ ಎರಡು ಸಾಲು ಬರೆಯೋಕೆ ಆಗ್ತಿಲ್ಲ. ಬರೀತೀನಿ, ಅಳಿಸ್ತೀನಿ. ಎದೆ ಡವಡವ ಅನ್ನುತ್ತೆ.

ಯಾಕಿಷ್ಟು ಭಯ ಅಂತ ಕೂತು ಯೋಚಿಸಿದೆ. ಹುಡುಕ್ತಾ ಹೋದ್ರೆ ಇದು ನನ್ನೊಬ್ಬನ ಭಯ ಅಲ್ಲ, ಇದಕ್ಕೊಂದು ಚರಿತ್ರೆ ಇದೆ ಅನ್ನಿಸ್ತು. ಅದನ್ನೇ ಬರೀತಿದ್ದೀನಿ. ಉದ್ದ ಆಗಿದೆ, ಪುರುಸೊತ್ತು ಮಾಡ್ಕೊಂಡು ಓದಿ.

ಮೊದಲು ನನ್ನ ಕತೆ ಹೇಳಿಬಿಡ್ತೀನಿ. ಎರಡು ವರ್ಷದ ಹಿಂದೆ ಒಂದು ಹಳ್ಳಿಗೆ ಸತ್ಯಶೋಧನೆಗೆ ಹೋಗಿ ಬಂದ ಮೇಲೆ ನಿದ್ದೆ ಹೋಯ್ತು. ರಾತ್ರಿ ಮೂರಕ್ಕೆ ಎಚ್ಚರ. ಊಟ ಸೇರಲ್ಲ. ಫೋನ್ ರಿಂಗಾದ್ರೆ ಬೆಚ್ಚಿ ಬೀಳೋದು. ಗೆಳೆಯರೊಬ್ಬರ ಒತ್ತಾಯಕ್ಕೆ ಬೆಂಗಳೂರಲ್ಲಿ ಒಬ್ಬ ಕೌನ್ಸೆಲರ್ ಹತ್ರ ಹೋದೆ. ಕೆಟ್ಟ ಮನುಷ್ಯರಲ್ಲ, ನಗುನಗುತ್ತಾ ಮಾತಾಡಿಸಿದರು. ಮೂರನೇ ಭೇಟೀಲಿ ಧೈರ್ಯ ಮಾಡಿ ಆ ಹಳ್ಳಿಯ ವಿಷಯ ತೆಗೆದೆ. ಅದರ ಹಿಂದೆಯೇ ನನ್ನ ಬಾಲ್ಯ ಬಂತು. ಶಾಲೇಲಿ ನಮಗೆ ಮಾತ್ರ ಮೇಲಿಂದ ನೀರು ಹುಯ್ತಿದ್ದದ್ದು, ಹಟ್ಟಿ ಮುಂದೆ ಅಪ್ಪನ್ನ ಹೆಸರು ಹಿಡಿದು, ಏಕವಚನದಲ್ಲಿ ಕೂಗ್ತಿದ್ದ ಗೌಡರ ಮನೆ ಹತ್ತು ವರ್ಷದ ಹುಡುಗ. ಅವರು ಎಲ್ಲಾ ಕೇಳಿ, "ಎಲ್ಲದರಲ್ಲೂ ಜಾತಿಯನ್ನೇ ನೋಡ್ತೀರಲ್ಲ, ಅದರಿಂದ ನಿಮಗೇ ನೋವಲ್ವಾ? ಈಗೆಲ್ಲಾ ಎಲ್ಲಿದೆ ಹೇಳಿ" ಅಂದರು. ಉಸಿರಾಟದ ವ್ಯಾಯಾಮ ಹೇಳಿಕೊಟ್ಟರು. ಸ್ವಲ್ಪ ದಿನ ಪೇಪರ್ ಓದಬೇಡಿ ಅಂದರು. ನಾಲ್ಕನೇ ಸಲ ನಾನು ಹೋಗಲಿಲ್ಲ.

ನೋವು ಹೇಳಿಕೊಂಡದ್ದಕ್ಕಿಂತ, ಹೇಳಿಕೊಂಡ ಮೇಲೆ ಅದು ನೋವೇ ಅಲ್ಲ ಅನ್ನಿಸಿಕೊಂಡಿದ್ದು ಜಾಸ್ತಿ ಸುಡ್ತು. ಹೊಸಬರ ಹತ್ರ ಹೋಗೋದು ಅಂದ್ರೆ ಅದನ್ನೆಲ್ಲಾ ಮತ್ತೆ ಮೊದಲಿಂದ ಬಿಚ್ಚಿಡಬೇಕು. ಈ ಸಲವೂ ಹಾಗೇ ಆದ್ರೆ? ಭಯ ಇರೋದು ಇಲ್ಲಿ.

ಈಗ ಚರಿತ್ರೆಗೆ ಬರ್ತೀನಿ.

ಬಾಬಾಸಾಹೇಬರು 1935-36ರ ಸುಮಾರಿಗೆ 'ವೇಟಿಂಗ್ ಫಾರ್ ಎ ವೀಸಾ' ಅನ್ನೋ ಚಿಕ್ಕ ಆತ್ಮಕಥನ ಬರೆದರು. ಅದರಲ್ಲಿ ಬರೀ ಅವರ ಅನುಭವ ಅಲ್ಲ, ಬೇರೆಯವರದ್ದೂ ಇದೆ. ಒಂದು ಪ್ರಸಂಗ ಕಾಠಿಯಾವಾಡದ ಅಸ್ಪೃಶ್ಯ ಶಾಲಾ ಮಾಸ್ತರೊಬ್ಬರದು. ಆ ಮಾಸ್ತರು ಬರೆದ ಪತ್ರ 1929ರ ಡಿಸೆಂಬರ್ 12ರ 'ಯಂಗ್ ಇಂಡಿಯಾ'ದಲ್ಲಿ ಅಚ್ಚಾಗಿತ್ತು.

ಅವರ ಹೆಂಡತಿಗೆ ಹೆರಿಗೆಯಾಗಿ ಎರಡು ದಿನಕ್ಕೆ ಕಾಯಿಲೆ ಜೋರಾಯ್ತು. ಉಸಿರಾಡೋಕೆ ಕಷ್ಟ. ಡಾಕ್ಟರನ್ನ ಕರೆಯೋಕೆ ಹೋದರೆ, ಕೇರಿಗೆ ಬರಲ್ಲ ಅಂದರು. ಮಾಸ್ತರು ಊರ ದೊಡ್ಡವರ ಕಾಲು ಹಿಡಿದರು. ಎರಡು ರೂಪಾಯಿ ಫೀಸಿಗೆ ದೊಡ್ಡವರೇ ಜಾಮೀನು ನಿಂತರು. ಆಮೇಲೆ ಡಾಕ್ಟರ್ ಒಪ್ಪಿದರು. ಆದರೆ ಒಂದು ಷರತ್ತು, ಕೇರಿಯ ಹೊರಗೆ ಮಾತ್ರ ನೋಡ್ತೀನಿ ಅಂತ. ಎರಡು ದಿನದ ಬಾಣಂತಿಯನ್ನ ಕೂಸಿನ ಸಮೇತ ರಾತ್ರಿ ಹೊರಗೆ ತಂದರು. ಡಾಕ್ಟರ್ ಥರ್ಮಾಮೀಟರನ್ನ ಒಬ್ಬ ಮುಸ್ಲಿಮರ ಕೈಗೆ ಕೊಟ್ಟರು, ಅವರು ಮಾಸ್ತರ ಕೈಗೆ, ಮಾಸ್ತರು ಹೆಂಡತಿಗೆ. ವಾಪಸ್ ಬಂದಿದ್ದೂ ಹಾಗೇ. ದೀಪದ ಬೆಳಕಲ್ಲಿ ಥರ್ಮಾಮೀಟರ್ ನೋಡಿ ನ್ಯುಮೋನಿಯಾ ಅಂದು ಹೊರಟುಹೋದರು. ಔಷಧಿ ಕಳಿಸಿದರು. ಆಮೇಲೆ ಮತ್ತೆ ಬಂದು ನೋಡೋಕೆ ಒಪ್ಪಲಿಲ್ಲ. ಆ ತಾಯಿ ತೀರಿಕೊಂಡಳು.

ಗಮನಿಸಿ. ಡಾಕ್ಟರ್ ಬಂದಿದ್ದರು. ಫೀಸೂ ಆಗಿತ್ತು. ಕಾಯಿಲೆ ಹೆಸರೂ ಹೇಳಿದರು. ಲೆಕ್ಕದಲ್ಲಿ ಚಿಕಿತ್ಸೆ 'ಸಿಕ್ಕಿತು'. ಮುಟ್ಟಲಿಲ್ಲ, ಅಷ್ಟೇ.

ನಮ್ಮ ಅಜ್ಜಿಯರ ಕಾಲದ ಮಾತು ಇದು. ಆಸ್ಪತ್ರೆ ಜಗಲಿಯಲ್ಲೇ ನಿಂತು, ಮಾತ್ರೆಯನ್ನ ಸೆರಗಿಗೆ ಎಸೆಸಿಕೊಂಡು ಬಂದ ಕತೆ ನಮ್ಮವ್ವ ಈಗಲೂ ಹೇಳ್ತಾಳೆ. ಇವತ್ತಿಗೂ ಅವಳು ಡಾಕ್ಟರ ಎದುರು ಕುರ್ಚಿ ಮೇಲೆ ಕೂರೋಕೆ ಹಿಂದೆಮುಂದೆ ನೋಡ್ತಾಳೆ. "ಕೂತ್ಕೋ ಅವ್ವ" ಅಂದ್ರೆ "ಇರ್ಲಿ ಬುಡು ಮಗ" ಅಂತಾಳೆ. ನಾಡಿ ಹಿಡಿಯೋಕೇ ಹೇಸಿದ ಕೈಗಳ ನೆನಪು ಮೂರು ತಲೆಮಾರು ದಾಟಿ ಬಂದಿರುವಾಗ, ಮನಸ್ಸನ್ನ ಮುಟ್ಟೋಕೆ ಬಿಡಿ ಅಂತ ಯಾರಾದ್ರೂ ಕೇಳಿದ್ರೆ ಮೈ ತಾನಾಗೇ ಹಿಂದೆ ಸರಿಯುತ್ತೆ. ನನ್ನ ಹಳೇ ಕೌನ್ಸೆಲರ್ ಕೂಡ ಥರ್ಮಾಮೀಟರನ್ನ ದೂರದಿಂದಲೇ ಕೊಟ್ಟರು ಅಂತ ಈಗ ಅನ್ನಿಸುತ್ತೆ.

ಇನ್ನೊಂದು ಪ್ರಸಂಗ ಬಾಬಾಸಾಹೇಬರದ್ದೇ. ಕೊಲಂಬಿಯಾದಲ್ಲಿ, ಲಂಡನ್‌ನಲ್ಲಿ ಓದಿ 1917ರಲ್ಲಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಬಂದರು. ಉಳಿಯೋಕೆ ಜಾಗ ಯಾರೂ ಕೊಡಲಿಲ್ಲ. ಕೊನೆಗೆ ಒಂದು ಪಾರ್ಸಿ ವಸತಿಗೃಹದಲ್ಲಿ, ರಿಜಿಸ್ಟರ್‌ನಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದರು. ಕತ್ತಲೆ ತುಂಬಿದ ಆ ಮಾಳಿಗೇಲಿ ಒಂದು ಲಾಟೀನು, ಪುಸ್ತಕ, ಬಾವಲಿ. ಯಾವತ್ತು ಗುಟ್ಟು ಹೊರಗೆ ಬರುತ್ತೋ ಅನ್ನೋ ಭಯದಲ್ಲೇ ದಿನ ತಳ್ಳಿದರು. ಹನ್ನೊಂದನೇ ದಿನ ಹತ್ತು ಹನ್ನೆರಡು ಜನ ದೊಣ್ಣೆ ಹಿಡಿದು ಬಂದು, ಸಂಜೆಯೊಳಗೆ ಖಾಲಿ ಮಾಡು ಅಂದರು. ಒಬ್ಬ ಹಿಂದೂ ಗೆಳೆಯ, ಒಬ್ಬ ಕ್ರೈಸ್ತ ಗೆಳೆಯ, ಇಬ್ಬರೂ ಮನೆಗೆ ಸೇರಿಸಿಕೊಳ್ಳಲಿಲ್ಲ. ಬಾಬಾಸಾಹೇಬರು ಒಂದು ಸಾರ್ವಜನಿಕ ತೋಟದಲ್ಲಿ ಕೂತು ಕಾದು, ರಾತ್ರಿ ರೈಲು ಹತ್ತಿ ಬೊಂಬಾಯಿಗೆ ಹೊರಟರು. ಕಣ್ಣೀರು ಹಾಕಿದ್ದನ್ನ ಅವರೇ ಬರೆದುಕೊಂಡಿದ್ದಾರೆ.

ಬಾಬಾಸಾಹೇಬರು ಅತ್ತಿದ್ದನ್ನ ನಮ್ಮ ಭಾಷಣಗಳಲ್ಲಿ ನಾವು ಹೇಳ್ತೀವಿ. ಹೇಳಿ ತಕ್ಷಣ ಸಂಕಲ್ಪದ ಕಡೆಗೆ ಹಾರಿಬಿಡ್ತೀವಿ. ಆ ಹನ್ನೊಂದು ದಿನ ಅವರ ತಲೇಲಿ ಏನು ನಡೀತಿತ್ತು ಅಂತ ಕೇಳಲ್ಲ. ಬಾಡಿಗೆ ಮನೆ ಹುಡುಕುವಾಗ ಅಡ್ಡಹೆಸರು ನುಂಗಿದೋರು, ಹಾಸ್ಟೆಲ್ ರೂಮಿನಲ್ಲಿ ಬಾಬಾಸಾಹೇಬರ ಫೋಟೋ ಟ್ರಂಕಿನೊಳಗೆ ಇಟ್ಟೋರು ನಮ್ಮಲ್ಲಿ ಎಷ್ಟು ಜನ ಇಲ್ಲ? ಗುಟ್ಟು ಕಾಯೋ ಆ ದಣಿವು ಮನಸ್ಸಿನ ಕಾಯಿಲೆ ಅಲ್ಲ, ಆದರೆ ಮನಸ್ಸನ್ನ ತಿನ್ನುತ್ತೆ. ಫಾರಂನಲ್ಲಿ 'ತಂದೆಯ ಉದ್ಯೋಗ' ಅನ್ನೋ ಕಡೆ ನನ್ನ ಬೆರಳು ನಿಂತಿದ್ದೂ ಅದೇ ದಣಿವಿಂದ.

ಸರಿ, ಮನಸ್ಸಿನ ಆಸ್ಪತ್ರೆಗಳು ನಮಗೆ ಹೇಗೆ ಪರಿಚಯ ಆದವು?

ಬೆಂಗಳೂರಲ್ಲಿ ಮೊದಲ 'ಲುನಾಟಿಕ್ ಅಸೈಲಂ' ಶುರುವಾಗಿದ್ದು 1847ರಲ್ಲಿ, ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಅನ್ನೋ ಸರ್ಜನ್ ಕಾಲದಲ್ಲಿ. 1925ರಲ್ಲಿ ಅದರ ಹೆಸರು ಮೆಂಟಲ್ ಹಾಸ್ಪಿಟಲ್ ಅಂತಾಯ್ತು. 1954ರಲ್ಲಿ ಅದರ ಜೊತೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು, ಎರಡೂ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯ್ತು. ಹೆಸರು ಬದಲಾದ್ರೂ ನಮ್ಮ ಕೇರಿ ಬಾಯಲ್ಲಿ ಅದು ಹುಚ್ಚಾಸ್ಪತ್ರೆಯೇ. ಯಾಕೆ? 1912ರ ಭಾರತೀಯ ಲುನಸಿ ಕಾಯ್ದೆ ಪ್ರಕಾರ ಬೀದೀಲಿ ಅಲೆಯೋ 'ಹುಚ್ಚ'ರನ್ನ ಪೊಲೀಸರು ಹಿಡಿದು ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬಹುದಿತ್ತು. ಇದರ ಜಾಗಕ್ಕೆ ಬಂದ 1987ರ ಕಾಯ್ದೆ ಜಾರಿಯಾಗಿದ್ದೇ 1993ರಲ್ಲಿ. ಎಂಬತ್ತು ವರ್ಷ ಬಡವರ ಪಾಲಿಗೆ ಮನಸ್ಸಿನ ವೈದ್ಯ ಪೊಲೀಸ್ ಜೀಪಿನ ಜೊತೇಲಿ ಬರೋ ಸಾಧ್ಯತೆ ಇತ್ತು. ಬ್ರಿಟಿಷರ ಜನಗಣತಿ ಜಾತಿಗಳನ್ನ ಎಣಿಸಿತು, 'ಹುಚ್ಚರ'ನ್ನೂ ಎಣಿಸಿತು. ಎಣಿಸಿದವರು ಯಾರೂ ಕೂತು ಕೇಳಲಿಲ್ಲ.

ಹಾಗಾಗಿ ನಮ್ಮೋರು ಹೋಗಿದ್ದು ಮಾರಮ್ಮನ ಗುಡಿಗೆ, ದರ್ಗಾಕ್ಕೆ, ತಾಯತ ಕಟ್ಟೋರ ಹತ್ರ. ನಾನು ಅದನ್ನ ಗೇಲಿ ಮಾಡಲ್ಲ. ಅಲ್ಲಿ ಒಂದು ಅನುಕೂಲ ಇತ್ತು, ಭಾಷೆ ನಮ್ಮದಾಗಿತ್ತು. "ಗಾಳಿ ಸೋಕದೆ" ಅಂದ್ರೆ ಕೇಳೋರಿಗೆ ಅರ್ಥ ಆಗ್ತಿತ್ತು. ಆದರೆ ಅಲ್ಲೂ ಅಪಾಯ ಇತ್ತು. ತಮಿಳುನಾಡಿನ ಏರ್ವಾಡಿಯ ಒಂದು ಖಾಸಗಿ ಕೊಟ್ಟಿಗೇಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ, ಸರಪಳಿ ಹಾಕಿ ಕಟ್ಟಿದ್ದ 28 ಜನ ಓಡೋಕಾಗದೆ ಸುಟ್ಟುಹೋದರು. ದರ್ಗಾದ ಹರಕೆ ನಂಬಿ ಮನೆಯವರು ಕರೆತಂದು ಬಿಟ್ಟಿದ್ದವರು ಅವರು.

ಪಕ್ಷಪಾತ ಮಾಡಬಾರದು, ಒಳ್ಳೇದನ್ನೂ ಹೇಳಬೇಕು. ನಮ್ಮ ರಾಜ್ಯದಲ್ಲೇ 1985ರಿಂದ ಬಳ್ಳಾರಿ ಜಿಲ್ಲೇಲಿ ನಿಮ್ಹಾನ್ಸ್‌ನವರು ಒಂದು ಪ್ರಯೋಗ ಮಾಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಆರೋಗ್ಯ ಕಾರ್ಯಕರ್ತೆಯರಿಗೇ ತರಬೇತಿ ಕೊಟ್ಟು ಮನಸ್ಸಿನ ಚಿಕಿತ್ಸೆಯನ್ನ ಹಳ್ಳಿ ಹತ್ರ ತಂದರು. 1996ರಲ್ಲಿ ದೇಶಕ್ಕೆಲ್ಲಾ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಈ ಬಳ್ಳಾರಿಯೇ. ಆದರೆ ಆಸ್ಪತ್ರೆ ಹತ್ರ ಬಂದ್ರೆ ಸಾಕಾ? ಒಳಗೆ ಕೂತೋರಿಗೆ ನಮ್ಮ ಬದುಕು ಗೊತ್ತಿರಬೇಕಲ್ಲ?

ಈ ಪ್ರಶ್ನೆ ನಮಗಿಂತ ಮುಂಚೆ ಕಪ್ಪು ಜನರು ಎದುರಿಸಿದ್ದಾರೆ. 1972ರಲ್ಲಿ ಹುಟ್ಟಿದ ದಲಿತ್ ಪ್ಯಾಂಥರ್ಸ್ ಹೆಸರು ತಗೊಂಡಿದ್ದೇ ಅವರಿಂದ. ಅವರ ಹೋರಾಟ ಓದೋ ನಾವು ಅವರ ಆಸ್ಪತ್ರೆಗಳ ಕತೆಯನ್ನೂ ಓದಬೇಕು.

1851ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಅನ್ನೋ ಡಾಕ್ಟರ್, ಗುಲಾಮರು ಒಡೆಯನ ಬಿಟ್ಟು ಓಡಿಹೋಗೋದೇ ಒಂದು ಮಾನಸಿಕ ಕಾಯಿಲೆ ಅಂತ ಬರೆದ. 'ಡ್ರೇಪಟೋಮೇನಿಯಾ' ಅಂತ ಹೆಸರೂ ಇಟ್ಟ. ಔಷಧಿ ಏನು ಗೊತ್ತಾ? ಚಾಟಿ ಏಟು. ಸ್ವಾತಂತ್ರ್ಯದ ಆಸೆಗೇ ರೋಗದ ಚೀಟಿ. "ಎಲ್ಲದರಲ್ಲೂ ಜಾತಿ ನೋಡ್ತೀರಿ" ಅನ್ನೋದನ್ನ ಕೇಳಿದಾಗ ನನಗೆ ಇದೇ ನೆನಪಾಗಿದ್ದು. ನೋಡೋ ಕಣ್ಣಿಗೇ ಕಾಯಿಲೆ ಅಂದ್ರೆ, ಕಾಣ್ತಿರೋದಕ್ಕೆ ಏನನ್ನಬೇಕು?

ಅದಾಗಿ ನೂರು ವರ್ಷಕ್ಕೆ, 1953ರಲ್ಲಿ, ಫ್ರಾಂಜ್ ಫ್ಯಾನನ್ ಫ್ರೆಂಚರ ವಸಾಹತು ಅಲ್ಜೀರಿಯಾದ ಬ್ಲಿಡಾ ಮಾನಸಿಕ ಆಸ್ಪತ್ರೆಗೆ ಬಂದ. ಯುರೋಪಿಯನ್ ಹೆಂಗಸರ ವಾರ್ಡ್, ಮುಸ್ಲಿಂ ಗಂಡಸರ ವಾರ್ಡ್ ಬೇರೆಬೇರೆ. ಎರಡರಲ್ಲೂ ಒಂದೇ ಥರ ಸಭೆ, ಹಬ್ಬ, ಸಿನಿಮಾ, ಕೈಕೆಲಸ ಶುರು ಮಾಡಿದ. ಹೆಂಗಸರ ವಾರ್ಡಿನಲ್ಲಿ ಬೇಗ ಬದಲಾವಣೆ ಕಾಣ್ತು. ಗಂಡಸರು ಸುಮ್ಮನೆ ಕೂತರು. ಬಾಯಿಬಿಡಲಿಲ್ಲ. ಬೇರೆ ಡಾಕ್ಟರಾಗಿದ್ರೆ "ಈ ಜನಕ್ಕೆ ಬುದ್ಧಿ ಕಡಿಮೆ" ಅಂತ ಬರೆದು ಕೈತೊಳೀತಿದ್ದ, ಆ ಕಾಲದ ವಸಾಹತು ವೈದ್ಯರು ಹಾಗೇ ಬರೀತಿದ್ದರು ಕೂಡ. ಫ್ಯಾನನ್ ಮತ್ತವನ ಸಹೋದ್ಯೋಗಿ ಜಾಕ್ ಅಝುಲೇ, ತಪ್ಪು ನಮ್ಮದು ಅಂತ 1954ರಲ್ಲಿ ಬರೆದರು. ರೋಗಿಗಳ ಭಾಷೆ ನಮಗೆ ಬರಲ್ಲ, ದುಭಾಷಿ ಮೂಲಕ ಮಾತಾಡ್ತೀವಿ, ಅವರ ಹಬ್ಬ ಬಿಟ್ಟು ನಮ್ಮ ಹಬ್ಬ ಹೇರಿದ್ದೀವಿ ಅನ್ನೋದು ಅವರಿಗೆ ಅರ್ಥ ಆಯ್ತು. ಆಸ್ಪತ್ರೆಯೊಳಗೇ ಅಲ್ಲಿಯ ಥರದ ಕಾಫಿ ಅಂಗಡಿ ಬಂತು, ಅವರ ಹಬ್ಬ ಬಂತು, ಕತೆಗಾರ ಬಂದ. ಗಂಡಸರು ನಿಧಾನಕ್ಕೆ ಮಾತಾಡಿದರು.

ಇದನ್ನ ಓದಿದ ರಾತ್ರಿ ನನಗೆ ಸ್ವಲ್ಪ ಹಗುರ ಆಯ್ತು. ಮಾತು ಬರದೇ ಇದ್ದದ್ದು ನನ್ನ ದೋಷ ಆಗಿರಲಿಲ್ಲ. ನನ್ನ ದುಃಖ ಇರೋದು ಹಟ್ಟಿ ಕನ್ನಡದಲ್ಲಿ. ಆ ಕೋಣೇಲಿ ನಾನು ಅರ್ಧ ಇಂಗ್ಲಿಷಲ್ಲಿ 'ಆಂಕ್ಸೈಟಿ', 'ಟ್ರಿಗರ್' ಅಂತ ಹೇಳ್ತಾ ಕೂತಿದ್ದೆ. ನನ್ನ ನೋವಿಗೆ ನಾನೇ ದುಭಾಷಿ ಆಗಿದ್ದೆ.

ಇನ್ನೊಂದು ಜಾಗ ನ್ಯೂಯಾರ್ಕಿನ ಹಾರ್ಲೆಂ. ಕಪ್ಪು ಜನರಿಗೆ ಮಾನಸಿಕ ಚಿಕಿತ್ಸೆ ಸಿಗೋದು ತೀರಾ ಕಷ್ಟ ಇದ್ದ ಕಾಲದಲ್ಲಿ, 1946ರಲ್ಲಿ, ಫ್ರೆಡ್ರಿಕ್ ವರ್ದಂ ಅನ್ನೋ ಮನೋವೈದ್ಯ, ಲೇಖಕ ರಿಚರ್ಡ್ ರೈಟ್ ಮುಂತಾದವರು ಸೇರಿ ಒಂದು ಚರ್ಚಿನ ನೆಲಮಾಳಿಗೇಲಿ ಲಫಾರ್ಗ್ ಕ್ಲಿನಿಕ್ ತೆರೆದರು. ಫೀಸು 25 ಸೆಂಟ್. ಈ ಕ್ಲಿನಿಕ್ ಮಕ್ಕಳನ್ನ ಮಾತಾಡಿಸಿ, ಶಾಲೇಲಿ ಬೇರೆ ಕೂರಿಸೋದು ಮಗುವಿನ ಮನಸ್ಸಿಗೆ ಏನು ಮಾಡುತ್ತೆ ಅನ್ನೋದನ್ನ ದಾಖಲು ಮಾಡಿತು. ಡೆಲವೇರ್ ರಾಜ್ಯದ ಕೋರ್ಟಿನಲ್ಲಿ ವರ್ದಂ ಅದನ್ನ ಸಾಕ್ಷಿ ಹೇಳಿದರು. ಆ ಕೇಸು ಮುಂದೆ 1954ರ ಬ್ರೌನ್ ತೀರ್ಪಿನ ಭಾಗ ಆಯ್ತು. ಶಾಲೆಗಳಲ್ಲಿ ಬಣ್ಣದ ಮೇಲೆ ಬೇರೆ ಮಾಡೋದು ಸಂವಿಧಾನಬಾಹಿರ ಅಂತ ಹೇಳಿದ ತೀರ್ಪು ಅದು.

ನೆಲಮಾಳಿಗೇಲಿ ಮಕ್ಕಳು ಪಿಸುಗುಟ್ಟಿದ್ದು ಸುಪ್ರೀಂ ಕೋರ್ಟಿನವರೆಗೆ ಹೋಯ್ತು. ಇದನ್ನ ನಮ್ಮ ಸಂಗಾತಿಗಳಿಗೆ ಒತ್ತಿ ಹೇಳಬೇಕು. "ಕೌನ್ಸೆಲಿಂಗ್ ಎಲ್ಲಾ ಸಿಟಿ ಮೇಲ್ಜಾತಿಯೋರ ಚಟ, ನಮಗೆ ಹೋರಾಟವೇ ಔಷಧಿ" ಅಂತ ಹಿರಿಯರೊಬ್ಬರು ನನಗೆ ಹೇಳಿದ್ದರು. ಅಣ್ಣಾ, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳ್ತೀನಿ, ಅದು ಅರ್ಧ ಸತ್ಯ. ಹೋರಾಟ ನಮ್ಮನ್ನ ಬದುಕಿಸಿದೆ, ಸುಳ್ಳಲ್ಲ. ಆದರೆ ಹೋರಾಟ ನಮ್ಮನ್ನ ಸುಟ್ಟೂ ಇದೆ.

2000ದ ಮಾರ್ಚ್ 11ರಂದು ಕಂಬಾಲಪಲ್ಲೀಲಿ ಏಳು ಜನ ದಲಿತರನ್ನ ಜೀವಂತ ಸುಟ್ಟರು. ಕೇಸಿನ ಆರೋಪಿಗಳೆಲ್ಲಾ ಖುಲಾಸೆಯಾದರು. ಎಫ್‌ಐಆರ್ ಸಂಖ್ಯೆ, ಸಾಕ್ಷಿಗಳು ತಿರುಗಿಬಿದ್ದದ್ದು, ಪರಿಹಾರದ ಮೊತ್ತ, ತೀರ್ಪಿನ ತಾರೀಖು, ಇದೆಲ್ಲಾ ನಮ್ಮ ಬಾಯಲ್ಲಿದೆ. ಉಳಿದವರಿಗೆ ರಾತ್ರಿ ನಿದ್ದೆ ಬರ್ತಿತ್ತಾ ಅಂತ ನಾವು ಕೇಳಿದ್ವಾ? ನಾನು ಬರೆದ ಒಂದೇ ಒಂದು ಸತ್ಯಶೋಧನಾ ವರದೀಲೂ ಆ ಕಾಲಂ ಇಲ್ಲ. ಇದು ನನ್ನ ತಪ್ಪೊಪ್ಪಿಗೆ. ಸಂತ್ರಸ್ತರಿಗೆ ಕೇಳಲಿಲ್ಲ, ಜೊತೇಲಿ ಬಂದ ಇಪ್ಪತ್ತು ವರ್ಷದ ಹುಡುಗ ಹುಡುಗಿಯರಿಗೂ ಕೇಳಲಿಲ್ಲ. ಜೀಪಲ್ಲಿ ವಾಪಸ್ ಬರ್ತಾ ಯಾರೂ ಮಾತಾಡಲ್ಲ, ಟೀ ಕುಡೀತೀವಿ, ಮನೆಗೆ ಹೋಗ್ತೀವಿ. ರಾತ್ರಿ ಮೂರಕ್ಕೆ ಒಬ್ಬೊಬ್ಬರೇ ಎಚ್ಚರ ಇರ್ತೀವಿ.

ಈಗ ಕಾನೂನು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಮೂರು ಸೆಕ್ಷನ್ ನೆನಪಿಡಿ. ಸೆಕ್ಷನ್ 18, ಮಾನಸಿಕ ಚಿಕಿತ್ಸೆ ನಿಮ್ಮ ಹಕ್ಕು, ಅದರಲ್ಲಿ ಜಾತಿ ಆಧಾರದ ತಾರತಮ್ಯ ಮಾಡೋ ಹಾಗಿಲ್ಲ. 'ಜಾತಿ' ಅನ್ನೋ ಪದವೇ ಅಲ್ಲಿದೆ. ಸೆಕ್ಷನ್ 3, ಒಬ್ಬರ ಸಾಮಾಜಿಕ, ರಾಜಕೀಯ ಸ್ಥಾನಮಾನ ನೋಡಿ ಅವರಿಗೆ ಮಾನಸಿಕ ಕಾಯಿಲೆ ಇದೆ ಅಂತ ತೀರ್ಮಾನಿಸೋ ಹಾಗಿಲ್ಲ. ಕಾರ್ಟ್‌ರೈಟ್ ಥರದವರಿಗೆ ಕಾನೂನು ಕೊಟ್ಟ ಉತ್ತರ ಅದು. ಸೆಕ್ಷನ್ 23, ನೀವು ಹೇಳಿದ್ದು ಗುಟ್ಟಾಗಿ ಇರಬೇಕು.

ಕಾನೂನು ಕೋಣೆ ಬಾಗಿಲವರೆಗೆ ಬರುತ್ತೆ. ಒಳಗೆ ನಾವೇ ಕೇಳಬೇಕು. ಸೋಮವಾರ ನಾನು ಕೇಳಬೇಕು ಅಂತ ಬರೆದಿಟ್ಟುಕೊಂಡಿರೋದು ಇಷ್ಟು:

ಒಂದು, ನೀವು ಏನು ಓದಿದ್ದೀರಿ? ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಇದ್ರೆ ಆರ್‌ಸಿಐ ನೋಂದಣಿ ಇದೆಯಾ?

ಎರಡು, ನಾನು ಕನ್ನಡದಲ್ಲಿ, ನಮ್ಮೂರ ಕನ್ನಡದಲ್ಲಿ ಮಾತಾಡಬಹುದಾ?

ಮೂರು, ಜಾತಿಯಿಂದ ಆದ ನೋವನ್ನ ಹೇಳೋರ ಜೊತೆ ನೀವು ಕೆಲಸ ಮಾಡಿದ್ದೀರಾ? ಇಲ್ಲದಿದ್ರೂ ಪರವಾಗಿಲ್ಲ, ಗೊತ್ತಿಲ್ಲ ಅಂತ ಒಪ್ಪಿಕೊಂಡು ಕೇಳಿಸಿಕೊಳ್ತೀರಾ?

ನಾಲ್ಕು, ನನಗೆ ಸರಿಬರದಿದ್ರೆ ಬೇರೆಯವರ ಹತ್ರ ಹೋಗ್ತೀನಿ. ಅದನ್ನ ನೀವು ತಪ್ಪು ತಿಳ್ಕೊಳ್ಳಲ್ಲ ತಾನೆ?

ಇದನ್ನ ಕೇಳೋದು ಅಹಂಕಾರ ಅಲ್ಲ. ಅಂಗಡೀಲಿ ಚಪ್ಪಲಿ ತಗೊಳ್ಳುವಾಗಲೂ ಹಾಕಿ ನಾಲ್ಕು ಹೆಜ್ಜೆ ನಡೆದು ನೋಡ್ತೀವಿ. ಮೊದಲ ದಿನವೇ ಎಲ್ಲಾ ಬಿಚ್ಚಿಡಬೇಕು ಅಂತಲೂ ಇಲ್ಲ. ಮೊದಲ ದಿನ ನಾವು ಅವರನ್ನ ನೋಡೋ ದಿನ ಕೂಡ.

ದುಡ್ಡಿನ ತೊಂದರೆ ಇರೋರಿಗೆ: ಜಿಲ್ಲಾ ಆಸ್ಪತ್ರೇಲಿ ಮಾನಸಿಕ ಆರೋಗ್ಯ ವಿಭಾಗ ವಿಚಾರಿಸಿ. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಅನ್ನೋ ಸರ್ಕಾರಿ ಸಹಾಯವಾಣಿ ಇದೆ, ನಂಬರ್ 14416. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದ್ರೂ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಅನ್ನಿಸ್ತಿದ್ರೆ ದಯವಿಟ್ಟು ಬೆಳಗಾಗೋವರೆಗೆ ಕಾಯಬೇಡಿ, ಈಗಲೇ ಮಾಡಿ. ನನಗೆ ಮಾಡಿದ್ರೂ ಸರಿ, ರಾತ್ರಿ ಮೂರಕ್ಕೆ ನಾನು ಹೇಗೂ ಎದ್ದಿರ್ತೀನಿ.

ಈ ಪೋಸ್ಟ್ ಬರೆದು ಮುಗಿಸೋ ಹೊತ್ತಿಗೆ ಫಾರಂ ತುಂಬಿದೆ. ತಂದೆಯ ಉದ್ಯೋಗ ಅನ್ನೋ ಕಡೆ 'ಊರ ತಳವಾರಿಕೆ, ಕೂಲಿ' ಅಂತ ಬರೆದೆ. ಕಾರಣ ಅನ್ನೋ ಕಡೆ ಎರಡೇ ಸಾಲು: "ಎರಡು ವರ್ಷದಿಂದ ನಿದ್ದೆ ಬರ್ತಿಲ್ಲ. ನಾನು ದಲಿತ, ಅದರ ಬಗ್ಗೆಯೂ ಮಾತಾಡಬೇಕು."

ಭಯ ಹೋಗಿಲ್ಲ. ಸೋಮವಾರದವರೆಗೂ ಇರುತ್ತೆ. ಆದರೆ ಅದು ಎಲ್ಲಿಂದ ಬಂತು ಅಂತ ಗೊತ್ತಾಗಿದೆ. ಅವ್ವ ಕೂರದೇ ಬಿಟ್ಟ ಆ ಕುರ್ಚಿ ಮೇಲೆ ಹೋಗಿ ಕೂತ್ಕೊಳ್ತೀನಿ.

ಜೈಭೀಮ್.